ಹೆಸರು ಒಂದೇ, ಖಾತೆ ಬೇರೆ

ಪ್ರಶ್ನೆ: ನಮ್ಮೂರು ಅಂತರಘಟ್ಟೆ. ಅಜ್ಜಂಪುರದ ಗೊಬ್ಬರ, ಡ್ರಿಪ್ ಪೈಪಿನ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಲೆಕ್ಕವೆಲ್ಲ ವ್ಯವಹಾರ ನಿರ್ವಹಣೆಯ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ನಲ್ಲಿದೆ. ಬಿಲ್ಲಿನ ಪಿಡಿಎಫ್ ತಾನಾಗಿಯೇ ಗ್ರಾಹಕರ ಖಾತೆಗೆ ಸೇರಲಿ ಎಂದು ನಾನೇ ಕೋಡ್ ಬರೆದೆ. ಈಗ ಒಂದೇ ಬಿಲ್ಲು ಮೂರು ನಾಲ್ಕು ಸಲ ಸೇರಿಕೊಂಡಿದೆ. ಒಬ್ಬ ರೈತರ ಬಾಕಿ ಬಿಲ್ಲಂತೂ ಅದೇ ಹೆಸರಿನ ಇನ್ನೊಬ್ಬರ ಖಾತೆಯಲ್ಲಿ ಕೂತಿತ್ತು. ಸಾಹುಕಾರರಿಗೆ ಹೇಳಿದರೆ ಕೆಲಸ ಹೋಗುತ್ತದೇನೋ ಎಂದು ನಿದ್ದೆಯೇ ಬರುತ್ತಿಲ್ಲ.
– ಓದುಗಿ, ಅಂತರಘಟ್ಟೆ

ಉತ್ತರ: ತಂಗೀ, ಇವತ್ತೇ ಆ ಕೋಡ್ ನಿಲ್ಲಿಸಿ, ಇವತ್ತೇ ಸಾಹುಕಾರರಿಗೂ ತಿಳಿಸಿ. ಯಾರು ಎಷ್ಟು ಸಾಲ ಉಳಿಸಿಕೊಂಡಿದ್ದಾರೆ ಎಂಬುದು ಹಳ್ಳಿಯಲ್ಲಿ ಮನೆಯ ಮರ್ಯಾದೆಯ ವಿಷಯ. ಈ ತಪ್ಪಿನ ಸುದ್ದಿ ಆ ರೈತರ ಬಾಯಿಂದ ಸಾಹುಕಾರರಿಗೆ ತಲುಪುವ ಮೊದಲು ನಿಮ್ಮ ಬಾಯಿಂದ ತಲುಪಬೇಕು.

ಕಾರಣ ಹುಡುಕುವುದು ಕಷ್ಟವಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಕಡೆ ಒಂದೇ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಇಆರ್‌ಪಿನೆಕ್ಸ್ಟ್ ಮೊದಲಿನಿಂದ ಇರುವ ಸೆಟ್ಟಿಂಗ್‌ನಲ್ಲಿ ಗ್ರಾಹಕರ ಹೆಸರನ್ನೇ ಗುರುತಾಗಿ ಇಟ್ಟುಕೊಳ್ಳುತ್ತದೆ; ಅದೇ ಹೆಸರಿನ ಎರಡನೆಯವರು ಬಂದರೆ ಹೆಸರಿನ ಕೊನೆಗೆ ‘- 1’ ಸೇರಿಸುತ್ತದೆ. ನಿಮ್ಮ ಕೋಡ್ ‘ಕಸ್ಟಮರ್ ನೇಮ್’ ನೋಡಿ ಖಾತೆ ಹುಡುಕುತ್ತಿದ್ದರೆ, ಮೊದಲು ಸಿಕ್ಕವರಿಗೇ ಬಿಲ್ಲು ಅಂಟಿಸುತ್ತದೆ. ಹುಡುಕುವ ಅಗತ್ಯವೇ ಇಲ್ಲ. ಬಿಲ್ಲಿನ ‘ಕಸ್ಟಮರ್’ ಕಾಲಂನಲ್ಲೇ ಸರಿಯಾದ ಗುರುತು ಇರುತ್ತದೆ, ಅದನ್ನೇ ಬಳಸಿ. ಹೊಸ ಗ್ರಾಹಕರಿಗೆ ಸರಣಿ ಸಂಖ್ಯೆ ಬರುವಂತೆ ಸೆಲ್ಲಿಂಗ್ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಬಿಡಿ.

ಒಂದೇ ಬಿಲ್ಲು ಹಲವು ಸಲ ಬರುತ್ತಿದೆ ಎಂದರೆ ಕೋಡನ್ನು ‘ವ್ಯಾಲಿಡೇಟ್’ ಹಂತಕ್ಕೆ ಕಟ್ಟಿರಬೇಕು. ಆ ಹಂತ ಪ್ರತಿ ಸೇವ್‌ಗೂ ಓಡುತ್ತದೆ. ‘ಆನ್ ಸಬ್ಮಿಟ್’ಗೆ ಕಟ್ಟಿ, ಬಿಲ್ಲು ಪಕ್ಕಾ ಆದ ಮೇಲಷ್ಟೇ ಪಿಡಿಎಫ್ ಹುಟ್ಟಲಿ. ಫೈಲ್ ಉಳಿಸುವಾಗ ‘ಈಸ್ ಪ್ರೈವೇಟ್’ಗೆ 1 ಕೊಡುವುದನ್ನು ದಯವಿಟ್ಟು ಮರೆಯಬೇಡಿ. ಇಲ್ಲದಿದ್ದರೆ ಲಿಂಕ್ ಸಿಕ್ಕ ಯಾರು ಬೇಕಾದರೂ ಲಾಗಿನ್ ಇಲ್ಲದೆ ಆ ಬಿಲ್ಲು ತೆರೆಯಬಹುದು. ಹೆಸರು ಅದಲುಬದಲಾದದ್ದಕ್ಕಿಂತ ಇದು ದೊಡ್ಡ ಅಪಾಯ.

ಕನ್ನಡದಲ್ಲಿ ಬಿಲ್ಲು ಕೊಡುತ್ತೀರಾದರೆ ಸರ್ವರಿನಲ್ಲಿ ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಇದೆಯೇ ನೋಡಿ. ನಿಮ್ಮ ಪರದೆಯಲ್ಲಿ ಅಕ್ಷರ ಚೆನ್ನಾಗಿ ಕಂಡರೂ ಪಿಡಿಎಫ್ ತಯಾರಾಗುವುದು ಸರ್ವರಿನಲ್ಲಿ; ಅಲ್ಲಿ ಫಾಂಟ್ ಇಲ್ಲದಿದ್ದರೆ ರೈತರ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ.

ನನ್ನನ್ನು ಕೇಳಿದರೆ, ಪಿಡಿಎಫ್‌ನ ಜಾಗ ಬಿಲ್ಲಿನ ದಾಖಲೆಯೇ. ಗ್ರಾಹಕರ ಪುಟದಿಂದ ಅವರ ಬಿಲ್ಲುಗಳಿಗೆ ಹೋಗಲು ದಾರಿ ಆಗಲೇ ಇದೆ. ಖಾತೆಯಲ್ಲೂ ಪ್ರತಿ ಬೇಕೇಬೇಕೇ ಎಂದು ಸಾಹುಕಾರರನ್ನೇ ಕೇಳಿ.

ಅವರ ಮುಂದೆ ಬರಿಗೈಯಲ್ಲಿ ನಿಲ್ಲಬೇಡಿ. ಗ್ರಾಹಕರಿಗೆ ಅಂಟಿದ ಫೈಲುಗಳ ಪಟ್ಟಿ ತೆಗೆದು, ಪ್ರತಿಯೊಂದನ್ನೂ ಅದರ ಬಿಲ್ಲಿನ ಗ್ರಾಹಕರ ಗುರುತಿನೊಂದಿಗೆ ತಾಳೆ ನೋಡಿ. ತಾಳೆಯಾಗದವನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು ಹೋಗಿ. “ಇಷ್ಟು ಬಿಲ್ಲು ತಪ್ಪು ಖಾತೆಗೆ ಹೋಗಿವೆ, ಕಾರಣ ಇದು, ಇಂತಿಷ್ಟು ದಿನದಲ್ಲಿ ಸರಿ ಮಾಡುತ್ತೇನೆ” ಎನ್ನಿ. ಬೈದಾರು, ಬೈಯಲಿ. ಅಷ್ಟು ತಿಳಿದು ಹೇಳುವವರನ್ನು ಬಿಟ್ಟರೆ ಇದನ್ನು ಸರಿಪಡಿಸಲು ಅವರಿಗೆ ಬೇರೆ ಯಾರು ಸಿಗುತ್ತಾರೆ? ಬಾಕಿ ಬಿಲ್ಲು ಯಾರದೋ ಆ ರೈತರಿಗೆ ಅಂಗಡಿಯಿಂದಲೇ ಫೋನ್ ಹೋಗಲಿ, ಆಗ ನೀವೂ ಪಕ್ಕದಲ್ಲಿರಿ.