ದಾರಿ ತಪ್ಪಿದ ಒಂದು ಕಾರು, ಮಂಡೇಲಾ ಕೊಲೆಯ ಸಂಚು

ಪತ್ತೇದಾರಿ ಕಾದಂಬರಿ ಓದಿ ರೂಢಿಯಿರುವವರನ್ನೂ ಮೊದಲ ನೂರು ಪುಟಗಳಲ್ಲೇ ಕಂಗೆಡಿಸುವ ಒಂದು ಜಾತಿಯ ಪುಸ್ತಕಗಳಿವೆ. ಆರಂಭದಲ್ಲಿ ಒಂದು ಸಣ್ಣ ಊರು, ಒಂದು ಹೆಣ, ಒಬ್ಬ ಪೊಲೀಸ್ ಅಧಿಕಾರಿ. ಇನ್ನೇನು ಕೊಲೆಗಾರನ ಹುಡುಕಾಟ ಬಿಸಿಯೇರಿತು ಅನ್ನುವಷ್ಟರಲ್ಲಿ ಕಥೆ ಇನ್ನೊಂದು ಖಂಡಕ್ಕೆ ಹಾರಿಬಿಡುತ್ತದೆ. ಬಾಯಿಗೆ ಹೊಂದದ ಹೆಸರುಗಳು, ನಮಗೆ ಅಷ್ಟಾಗಿ ಗೊತ್ತಿಲ್ಲದ ರಾಜಕಾರಣ, ಗುಪ್ತಚರ ಇಲಾಖೆಯ ಒಳಜಗಳ. ಅದಕ್ಕೂ ಇದಕ್ಕೂ ಎಲ್ಲಿಯ ಸಂಬಂಧ ಎಂದು ಬೇಸತ್ತು ಅಲ್ಲಿಗೇ ಕೈಬಿಡುವವರು ಬಹಳ. ಅಂಥವರಿಗಾಗಿ, ಇನ್ನೂ ಈ ಕಡೆ ಬಾರದವರಿಗಾಗಿ ಕೂಡ, ಒಂದೇ ಕಾದಂಬರಿಯನ್ನು ಮುಂದಿಟ್ಟುಕೊಂಡು ಇಂಥ ಪುಸ್ತಕ ಓದುವ ಬಗೆಯನ್ನು ನಿಧಾನವಾಗಿ ಹೇಳುತ್ತೇನೆ.

ಕಾದಂಬರಿ ಸ್ವೀಡನ್ನಿನ ಹೆನ್ನಿಂಗ್ ಮಾಂಕೆಲ್ ಬರೆದದ್ದು. 1993ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಬಂತು, 1998ರಲ್ಲಿ 'ದಿ ವೈಟ್ ಲಯನೆಸ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ. ಬಿಳಿ ಸಿಂಹಿಣಿ ಎಂದು ಅರ್ಥ. ಮಾಂಕೆಲ್ ಸೃಷ್ಟಿಸಿದ ಕುರ್ಟ್ ವಲಾಂಡರ್ ಎಂಬ ಪೊಲೀಸ್ ಅಧಿಕಾರಿಯ ಸರಣಿಯಲ್ಲಿ ಇದು ಮೂರನೆಯದು.

ಊರಿನ ಹೆಸರು ಈಸ್ಟಾಡ್. ಸ್ವೀಡನ್ನಿನ ದಕ್ಷಿಣದ ತುದಿ, ಸ್ಕೋನೆ ಪ್ರಾಂತ, ಬಾಲ್ಟಿಕ್ ಸಮುದ್ರದ ದಂಡೆ. ಹಳೆಯ ಮರದ ಚೌಕಟ್ಟಿನ ಮನೆಗಳು, ಸುತ್ತ ಗೋಧಿ ಹೊಲಗಳ ಬಯಲು, ಚಳಿಗಾಲದಲ್ಲಿ ದಿನಗಟ್ಟಲೆ ಮಂಜು. ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು. ಬಂದರಿನಿಂದ ಪೋಲೆಂಡಿಗೆ ಹಡಗು ಹೋಗುತ್ತದೆ. ಹೊರಲೋಕಕ್ಕೆ ಈ ಊರಿನ ಬಾಗಿಲು ಅದೇ.

1992ರ ಏಪ್ರಿಲ್. ಲೂಯೀಸ್ ಓಕರ್‌ಬ್ಲೂಮ್ ಎಂಬ ಮಹಿಳೆ ಮನೆ, ಜಮೀನು ಮಾರಿಕೊಡುವ ವ್ಯವಹಾರ ಮಾಡಿಕೊಂಡಿದ್ದಾಳೆ. ಗಂಡ, ಇಬ್ಬರು ಹೆಣ್ಣುಮಕ್ಕಳು, ಭಾನುವಾರದ ಚರ್ಚು. ಒಂದು ಶುಕ್ರವಾರ, ಮಾರಾಟಕ್ಕಿರುವ ಮನೆಯೊಂದನ್ನು ನೋಡಲು ಕಾರಿನಲ್ಲಿ ಹೊರಡುತ್ತಾಳೆ. ದಾರಿ ತಪ್ಪುತ್ತದೆ. ಕೇಳೋಣವೆಂದು ಒಂದು ಒಂಟಿ ತೋಟದ ಮನೆಯ ಅಂಗಳಕ್ಕೆ ಕಾರು ತಿರುಗಿಸುತ್ತಾಳೆ. ಅಲ್ಲಿ ಒಬ್ಬ ಮನುಷ್ಯ ಅವಳನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಇದೆಲ್ಲ ಆರಂಭದ ಪುಟಗಳಲ್ಲೇ ಮುಗಿದುಹೋಗುತ್ತದೆ, ಹಾಗಾಗಿ ಹೇಳಿಬಿಟ್ಟೆನೆಂದು ಕೋಪಿಸಿಕೊಳ್ಳಬೇಡಿ.

ಹೊಸ ಓದುಗರು ಎಡವುವುದು ಇಲ್ಲೇ. ಕೊಂದವನು ಯಾರೆಂದು ಇಷ್ಟು ಬೇಗ ತಿಳಿದರೆ ಮುಂದೆ ಓದುವುದು ಏನನ್ನು? ಕೊಂದವರಾರು ಎಂಬ ಪ್ರಶ್ನೆಯನ್ನು ಕೊನೆಯ ಪುಟದವರೆಗೆ ಬಚ್ಚಿಟ್ಟುಕೊಳ್ಳುವ ಕಥೆಗಳಲ್ಲಿ ಓದುಗನೂ ಪತ್ತೇದಾರನೂ ಜೊತೆಜೊತೆಗೆ ನಡೆಯುತ್ತಾರೆ. ಮಾಂಕೆಲ್ ನಮ್ಮನ್ನು ವಲಾಂಡರನಿಗಿಂತ ಎಷ್ಟೋ ಮುಂದೆ ಕರೆದೊಯ್ದು ನಿಲ್ಲಿಸುತ್ತಾನೆ. ನಮಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ. ಅವನು ಬಾಗಿಲು ತಟ್ಟಲು ಹೋಗುವಾಗ ಒಳಗೆ ಯಾರಿದ್ದಾರೆಂದು ನಮಗೆ ಗೊತ್ತು. ಉಸಿರು ಬಿಗಿಹಿಡಿಯುವುದು ಆ ಕಾರಣಕ್ಕೆ. ಮೊದಲು ಪಾತ್ರಗಳ ಮೇಲೆ ಅನುಮಾನಪಡುವ ಅಭ್ಯಾಸ ಬಿಟ್ಟು, ಯಾರಿಗೆ ಎಷ್ಟು ಗೊತ್ತು ಎಂಬುದರ ಮೇಲೆ ಕಣ್ಣಿಡಿ. ಆಗ ಪುಸ್ತಕ ತಾನಾಗಿ ತೆರೆದುಕೊಳ್ಳುತ್ತದೆ.

ಕೊಂದವನು ಕೊನೊವಲೆಂಕೊ, ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಮಾಜಿ ಅಧಿಕಾರಿ. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ ಅವನಂಥವರಿಗೆ ಯಜಮಾನನೂ ಇಲ್ಲ, ಸಂಬಳವೂ ಇಲ್ಲ. ಉಳಿದದ್ದು ಕಲಿತ ವಿದ್ಯೆ ಮಾತ್ರ, ಅದು ಕೊಲ್ಲುವ ವಿದ್ಯೆ. ಅದನ್ನೀಗ ಅವನು ದಕ್ಷಿಣ ಆಫ್ರಿಕಾದ ಕೆಲವು ಬಿಳಿಯರಿಗೆ ಮಾರಿದ್ದಾನೆ. ಅವರಿಗೆ ಆಗಬೇಕಾದದ್ದು ನೆಲ್ಸನ್ ಮಂಡೇಲಾ ಹತ್ಯೆ. ಅದಕ್ಕೆ ಅವರು ಗೊತ್ತುಮಾಡಿದ ಬಂದೂಕುಧಾರಿ ವಿಕ್ಟರ್ ಮಬಾಷಾ ಕರಿಯ. ಅವನ ಕೈ ಪಳಗಿಸಲು ಯಾರ ಕಣ್ಣಿಗೂ ಬೀಳದ, ಯಾರೂ ಸಂಶಯಪಡದ ಜಾಗ ಬೇಕು. ಸ್ವೀಡನ್ನಿನ ಮೂಲೆಯ ಆ ತೋಟದ ಮನೆ ಅದು. ದಾರಿ ಕೇಳಲು ಬಂದ ಹೆಂಗಸು ಇವರನ್ನು ನೋಡಿಬಿಟ್ಟಳು. ಅಷ್ಟೇ ಅವಳ ಅಪರಾಧ.

ಈ ಸಂಚು ನಂಬುವಂಥದ್ದೇ ಎಂಬ ಅನುಮಾನ ನಿಮಗೆ ಬರಬೇಕು, ಬರುವುದು ಒಳ್ಳೆಯದು. ಹಾಗಾಗಿ ಸ್ವಲ್ಪ ಇತಿಹಾಸ ಹೇಳುತ್ತೇನೆ. ಈ ಭಾಗ ಕೈಯಲ್ಲಿದ್ದರೆ ಕಾದಂಬರಿಯ ಅರ್ಧ ಕಷ್ಟ ಕಳೆದಂತೆ.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಸರ್ಕಾರದ ಅಧಿಕೃತ ನೀತಿಯಾದದ್ದು 1948ರಲ್ಲಿ ನ್ಯಾಷನಲ್ ಪಾರ್ಟಿ ಗೆದ್ದ ಮೇಲೆ. ಮಾಂಕೆಲ್ ಹುಟ್ಟಿದ ವರ್ಷವೂ ಅದೇ. ಮಂಡೇಲಾ 27 ವರ್ಷ ಸೆರೆಯಲ್ಲಿದ್ದು 1990ರ ಫೆಬ್ರವರಿ 11ರಂದು ಹೊರಬಂದರು. ಭಾರತ ಅವರಿಗೆ ಭಾರತರತ್ನ ಕೊಟ್ಟದ್ದೂ ಅದೇ ವರ್ಷ. ಅಧ್ಯಕ್ಷ ಡಿ ಕ್ಲರ್ಕ್ ಮಾತುಕತೆಗೆ ಇಳಿದಿದ್ದರು. ಮುಂದುವರಿಯಲೇ ಎಂದು 1992ರ ಮಾರ್ಚ್ 17ರಂದು ಬಿಳಿಯರನ್ನಷ್ಟೇ ಕೇಳಿದ ಜನಮತಗಣನೆಯಲ್ಲಿ ಶೇ. 68.7 ಮಂದಿ ಹೌದೆಂದರು. ಅಂದರೆ ಹಳೆಯ ವ್ಯವಸ್ಥೆ ಉಳಿಸಲು ಮತದ ದಾರಿ ಮುಚ್ಚಿಹೋಯಿತು. ಕಾದಂಬರಿಯ ಕಥೆ ಶುರುವಾಗುವುದು ಮರುತಿಂಗಳು. ಸೋತ ಬಿಳಿಯರಲ್ಲಿ ಅತಿ ಹಟಮಾರಿಗಳಾದ ಕೆಲವರು ಇನ್ನೇನು ಮಾಡಿಯಾರು ಎಂದು ಮಾಂಕೆಲ್ ಕೇಳಿಕೊಂಡಿದ್ದಾನೆ. ಮಂಡೇಲಾ ಸತ್ತರೆ ದೇಶ ಹೊತ್ತಿ ಉರಿಯುತ್ತದೆ, ಉರಿದರೆ ಸೇನೆಯ ಆಳ್ವಿಕೆಗೆ ನೆಪ ಸಿಗುತ್ತದೆ. ಇದು ಅವರ ಲೆಕ್ಕ.

ವರ್ಣಭೇದದ ಆಡಳಿತದ ಕೈ ಗಡಿ ದಾಟಿ ಚಾಚಿದ್ದಕ್ಕೆ ಉದಾಹರಣೆಗಳಿದ್ದವು. 1982ರಲ್ಲಿ ಮೊಜಾಂಬಿಕ್‌ನ ರಾಜಧಾನಿ ಮಪುಟೊದಲ್ಲಿ ಹೋರಾಟಗಾರ್ತಿ, ಪತ್ರಕರ್ತೆ ರೂತ್ ಫಸ್ಟ್ ಅಂಚೆಯಲ್ಲಿ ಬಂದ ಬಾಂಬಿಗೆ ಬಲಿಯಾದರು. 1988ರಲ್ಲಿ ಅದೇ ಊರಿನಲ್ಲಿ ಕಾರಿನಲ್ಲಿಟ್ಟ ಬಾಂಬು ವಕೀಲ ಆಲ್ಬೀ ಸಾಕ್ಸ್ ಅವರ ತೋಳನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ಕಿತ್ತುಕೊಂಡಿತು. ಅದೇ ವರ್ಷ ಮಾರ್ಚಿನಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಪ್ರತಿನಿಧಿ ಡಲ್ಸಿ ಸೆಪ್ಟೆಂಬರ್ ಅವರನ್ನು ಪ್ಯಾರಿಸ್ಸಿನ ಕಚೇರಿಯ ಬಾಗಿಲಲ್ಲೇ ಯಾರೋ ಗುಂಡಿಕ್ಕಿ ಕೊಂದರು. ಆ ಕೊಲೆಗಾರ ಸಿಕ್ಕಲೇ ಇಲ್ಲ. ಸ್ವೀಡನ್ನಿಗೂ ಒಂದು ಗಾಯವಿತ್ತು. ವರ್ಣಭೇದದ ಕಟ್ಟಾ ವಿರೋಧಿಯಾಗಿದ್ದ ಪ್ರಧಾನಿ ಉಲೋಫ್ ಪಾಲ್ಮೆ 1986ರ ಫೆಬ್ರವರಿ 28ರ ರಾತ್ರಿ ಸ್ಟಾಕ್‌ಹೋಮಿನ ಬೀದಿಯಲ್ಲಿ, ಸಿನಿಮಾ ನೋಡಿಕೊಂಡು ಹೆಂಡತಿಯ ಜೊತೆ ನಡೆದುಹೋಗುತ್ತಿದ್ದಾಗ ಕೊಲೆಯಾದರು. ಒಂದು ವಾರದ ಹಿಂದಷ್ಟೇ ವರ್ಣಭೇದದ ವಿರುದ್ಧ ದೊಡ್ಡ ಸಭೆಯಲ್ಲಿ ಮಾತಾಡಿದ್ದರು. ಅದರ ಹಿಂದೆ ದಕ್ಷಿಣ ಆಫ್ರಿಕಾದ ಕೈವಾಡವಿತ್ತೆಂಬ ಊಹೆ ವರ್ಷಗಟ್ಟಲೆ ಹರಿದಾಡಿತು, ರುಜುವಾತಾಗಲಿಲ್ಲ. ಸ್ವೀಡನ್ನಿನ ಓದುಗ 1993ರಲ್ಲಿ ಈ ಕಾದಂಬರಿಯನ್ನು ಬಿಚ್ಚಿದ್ದು ಈ ನೆನಪಿನ ಜೊತೆಗೆ.

ಮಾಂಕೆಲ್ ಇದನ್ನೆಲ್ಲ ಬರೀ ಪತ್ರಿಕೆಯಲ್ಲಿ ಓದಿ ಬರೆದವನಲ್ಲ. ಯೌವನದಲ್ಲೇ ಆಫ್ರಿಕಾಕ್ಕೆ ಹೋದವನು, 1986ರಿಂದ ಮಪುಟೊದ ತೇತ್ರೊ ಅವೆನಿದಾ ಎಂಬ ರಂಗತಂಡದ ನಿರ್ದೇಶಕನಾಗಿ ಬಹಳ ಕಾಲ ಅಲ್ಲೇ ಇರುತ್ತಿದ್ದ. 2015ರಲ್ಲಿ ತೀರಿಕೊಳ್ಳುವವರೆಗೂ ಅವನ ಬದುಕು ಈ ಎರಡು ನೆಲಗಳ ನಡುವೆ ಹಂಚಿಹೋಗಿತ್ತು. ನೆರೆಯ ದೇಶದ ಆಡಳಿತ ಮಪುಟೊದಲ್ಲಿ ಸಿಡಿಸುತ್ತಿದ್ದ ಬಾಂಬುಗಳ ಕಾಲದಲ್ಲಿ ಅವನು ಆ ಊರಿನವನಾಗಿದ್ದ. ಒಂದೇ ಕಾದಂಬರಿಯಲ್ಲಿ ಈಸ್ಟಾಡಿನ ಮಂಜೂ ಜೊಹಾನೆಸ್‌ಬರ್ಗಿನ ಬಿಸಿಲೂ ಕೂಡಿಬಂದದ್ದು ಅವನ ಬದುಕಿನಿಂದಲೇ.

ಪುಸ್ತಕ ಬಂದ 1993ರಲ್ಲೇ ನಡೆದ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆ. ಏಪ್ರಿಲ್ 10ರಂದು ಜೊಹಾನೆಸ್‌ಬರ್ಗಿನ ಪೂರ್ವಕ್ಕಿರುವ ಬೋಕ್ಸ್‌ಬರ್ಗ್ ಊರಿನಲ್ಲಿ, ಮಂಡೇಲಾ ನಂತರದ ಅತಿ ಜನಪ್ರಿಯ ನಾಯಕರೆನಿಸಿದ್ದ ಕ್ರಿಸ್ ಹಾನಿ ತಮ್ಮ ಮನೆಯ ಮುಂದೆಯೇ ಕೊಲೆಯಾದರು. ಗುಂಡು ಹಾರಿಸಿದವನು ಪೋಲೆಂಡಿನಿಂದ ವಲಸೆ ಬಂದ ಯಾನುಷ್ ವಾಲುಶ್. ಬಂದೂಕು ಒದಗಿಸಿದವನು ಬಿಳಿಯರ ಕನ್ಸರ್ವೇಟಿವ್ ಪಕ್ಷದ ರಾಜಕಾರಣಿ ಕ್ಲೈವ್ ಡರ್ಬಿ-ಲೂಯಿಸ್. ಪೊಲೀಸರಿಗೆ ಸಿಕ್ಕ, ಕೊಲ್ಲಬೇಕಾದವರ ಹೆಸರುಗಳ ಪಟ್ಟಿಯಲ್ಲಿ ಮಂಡೇಲಾ ಕೂಡ ಇದ್ದರು. ಪೂರ್ವ ಯೂರೋಪಿನ ಒಬ್ಬ ವಲಸಿಗ, ಅವನ ಹಿಂದೆ ಆಫ್ರಿಕಾದ ಬಿಳಿಯ ರಾಜಕಾರಣ, ಗುರಿ ಒಂದು ದೇಶದ ಭವಿಷ್ಯ. ಕಾದಂಬರಿಯ ಕಥೆಗೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಆ ಕೊಲೆಗಾರ ಸಿಕ್ಕಿಬಿದ್ದದ್ದು ಇನ್ನೂ ಮುಖ್ಯ. ನೆರೆಮನೆಯ ಒಬ್ಬ ಬಿಳಿಯ ಮಹಿಳೆ ಕಾರಿನ ನಂಬರ್ ನೆನಪಿಟ್ಟುಕೊಂಡು ಪೊಲೀಸರಿಗೆ ಫೋನ್ ಮಾಡಿದರು. ಸ್ವಲ್ಪ ಹೊತ್ತಿನಲ್ಲೇ ವಾಲುಶ್ ಬಂಧನವಾಯಿತು. ಆಮೇಲೆ ಟಿವಿಯಲ್ಲಿ ದೇಶವನ್ನುದ್ದೇಶಿಸಿ ಮಾತಾಡಿದ ಮಂಡೇಲಾ, ಕೊಂದವನೂ ಬಿಳಿಯ, ಅವನನ್ನು ಹಿಡಿಸಿದವಳೂ ಬಿಳಿಯಳು ಎಂಬುದನ್ನು ಎತ್ತಿಹೇಳಿದರು. ಹೊತ್ತಿಕೊಳ್ಳಲು ಸಿದ್ಧವಾಗಿದ್ದ ಬೆಂಕಿ ಹರಡದಂತೆ ತಡೆದದ್ದರಲ್ಲಿ ಆ ಮಾತಿನ ಪಾಲು ದೊಡ್ಡದು.

ಈ ಕಾದಂಬರಿ ನನಗೆ ಇಷ್ಟವಾಗುವ ಕಾರಣವೂ ಇಲ್ಲೇ ಇದೆ. ದೊಡ್ಡ ಸಂಚಿನವರು ಎಲ್ಲವನ್ನೂ ಲೆಕ್ಕ ಹಾಕಿರುತ್ತಾರೆ. ಹಣ, ಆಯುಧ, ಸುಳ್ಳು ದಾಖಲೆ, ತಪ್ಪಿಸಿಕೊಳ್ಳುವ ದಾರಿ ಎಲ್ಲ ಸಿದ್ಧ. ಈಸ್ಟಾಡಿನ ಒಬ್ಬ ಹೆಂಗಸು ದಾರಿ ಕೇಳಲು ಬರಬಹುದೆಂಬುದು ಆ ಲೆಕ್ಕದಲ್ಲಿಲ್ಲ. ಬಂದವಳನ್ನು ಕೊಂದರೆ ಆ ಸಾವನ್ನು ಹಿಡಿದು ಕೂರುವ ಒಬ್ಬ ಪೊಲೀಸಿನವನು ಇರುತ್ತಾನೆಂಬುದೂ ಇಲ್ಲ. ವಲಾಂಡರನಿಗೆ ದಕ್ಷಿಣ ಆಫ್ರಿಕಾದ ವಿಷಯ ಹೆಚ್ಚೇನೂ ಗೊತ್ತಿಲ್ಲ. ಮಂಡೇಲಾರನ್ನು ಉಳಿಸಲು ಹೊರಟವನೂ ಅಲ್ಲ. ಇಬ್ಬರು ಮಕ್ಕಳ ತಾಯಿಯನ್ನು ಯಾರು ಕೊಂದರು, ಏಕೆ ಕೊಂದರು ಎಂದು ಅವಳ ಗಂಡನಿಗೆ ಉತ್ತರ ಹೇಳಬೇಕು, ವಲಾಂಡರನಿಗೆ ಬೇಕಾದದ್ದು ಅಷ್ಟೇ. ಸ್ಫೋಟಗೊಂಡ ಮನೆ, ಬೂದಿಯಲ್ಲಿ ಸಿಕ್ಕ ವಿಚಿತ್ರ ವಸ್ತುಗಳು, ಕತ್ತರಿಸಿದ ಒಂದು ಕಪ್ಪು ಬೆರಳು. ಒಂದೊಂದಾಗಿ ಬರುವ ಈ ಕುರುಹುಗಳಲ್ಲಿ ಯಾವುದೂ ಅವನಿಗೆ ಅರ್ಥವಾಗುವುದಿಲ್ಲ, ಆದರೂ ಬಿಡುವುದಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಓದಿದವರಿಗೆ ಈ ಹಾದಿ ಪೂರ್ತಿ ಅಪರಿಚಿತವೇನಲ್ಲ. ಏಲಕ್ಕಿಯ ಇಳುವರಿ ಏಕೆ ಕುಸಿಯಿತೆಂದು ಹುಡುಕುತ್ತ ಹೋದ ಕಥೆ ಕೆಸರೂರೆಂಬ ಮಲೆನಾಡಿನ ಊರಿನ ಜಾತಿ, ಧರ್ಮ, ಕಾಡುನಾಶವನ್ನೆಲ್ಲ ಎಳೆದುತರುತ್ತದೆ. ವ್ಯತ್ಯಾಸವೆಂದರೆ, ತೇಜಸ್ವಿ ಊರಿನ ಒಳಗಿನಿಂದಲೇ ಕೊಳೆತದ್ದನ್ನು ಬಗೆದು ತೋರಿಸುತ್ತಾರೆ, ಮಾಂಕೆಲ್ ಹೊರಗಿನಿಂದ ಬಂದದ್ದನ್ನು ತೋರಿಸುತ್ತಾನೆ.

ಓದುವಾಗ ಎರಡು ಕಡೆ ತಾಳ್ಮೆ ಬೇಕಾಗುತ್ತದೆ. ಮೊದಲನೆಯದು ಆರಂಭದಲ್ಲೇ. ಕಾದಂಬರಿ ತೆರೆದುಕೊಳ್ಳುವುದು 1918ರ ಜೊಹಾನೆಸ್‌ಬರ್ಗಿನ ಒಂದು ಸಾದಾ ಕೆಫೆಯಲ್ಲಿ, ಮೂವರು ಯುವಕರ ಮಾತುಕತೆಯಿಂದ. ಅದು ಬ್ರೂಡರ್‌ಬಾಂಡ್ ಎಂಬ ಆಫ್ರಿಕಾನರ್ ಬಿಳಿಯರ ಗುಪ್ತ ಸಂಘದ ಹುಟ್ಟು. ವರ್ಣಭೇದದ ಕಾಲದ ಪ್ರಧಾನಿಗಳೆಲ್ಲ ಆ ಸಂಘದ ಸದಸ್ಯರಾಗಿದ್ದವರು. ಕೆಲವೇ ಪುಟಗಳ ಈ ಭಾಗವನ್ನು ಹಾರಿಸಬೇಡಿ, ಸಂಚುಗಾರರ ಅಹಂಕಾರದ ಬೇರು ಅಲ್ಲಿದೆ. ಎರಡನೆಯದು ನಡುಭಾಗ. ಅಲ್ಲಿ ಯಾನ್ ಕ್ಲೈನ್ ಎಂಬ ಗುಪ್ತಚರ ಅಧಿಕಾರಿ, ಅವನ ಜಾಡು ಹಿಡಿಯುವ ಸ್ಕೀಪರ್ಸ್ ಎಂಬ ಯುವ ಸರ್ಕಾರಿ ವಕೀಲ, ಖುದ್ದು ಡಿ ಕ್ಲರ್ಕ್ ಕೂಡ ಪಾತ್ರವಾಗಿ ಬರುತ್ತಾರೆ. ಒಂದು ಹಾಳೆಯಲ್ಲಿ ಈಸ್ಟಾಡಿನವರ ಹೆಸರು ಒಂದು ಕಡೆ, ಆಫ್ರಿಕಾದವರದು ಇನ್ನೊಂದು ಕಡೆ ಬರೆದಿಟ್ಟುಕೊಂಡರೆ ಸಾಕು. ಹೆಸರಿಗೆ ಕಾರಣವಾದ ಬಿಳಿ ಸಿಂಹಿಣಿ ಸಿಗುವುದು ಸ್ಕೀಪರ್ಸ್ ತನ್ನ ಹೆಂಡತಿಯ ಜೊತೆ ಕ್ರೂಗರ್ ಅಭಯಾರಣ್ಯಕ್ಕೆ ಹೋದಾಗ. ಆ ಪುಟಗಳನ್ನು ನಿಧಾನವಾಗಿ ಓದಿ.

ಕೊರತೆಗಳೂ ಇವೆ. ಮಬಾಷಾನ ಮನಸ್ಸಿನೊಳಗೆ ಹೊಕ್ಕು ಬರೆದ, ಪೂರ್ವಿಕರ ಆತ್ಮಗಳ ಜೊತೆ ಅವನು ಮಾತಾಡುವ ಭಾಗಗಳು ನನಗೆ ಹೊರಗಿನವನೊಬ್ಬ ಊಹಿಸಿ ಹೊದಿಸಿದಂತೆ ಕಾಣುತ್ತವೆ. ಕೊನೆಯ ಭಾಗದಲ್ಲಿ ವಲಾಂಡರ್ ಒಬ್ಬನೇ ಕೈಗೊಳ್ಳುವ ಕೆಲವು ಸಾಹಸಗಳು ಒಬ್ಬ ಜಿಲ್ಲಾ ಪೊಲೀಸ್ ಅಧಿಕಾರಿಯ ಮಟ್ಟಿಗೆ ಅತಿಯಾದವು. ಅದೇ ವಲಾಂಡರ್ ಮನೆಯಲ್ಲಿ ಇರುವಾಗಿನ ಪುಟಗಳು ಮಾತ್ರ ಅಪ್ಪಟ. ಹೆಂಡತಿ ಬಿಟ್ಟುಹೋಗಿದ್ದಾಳೆ, ಮಗಳು ಲಿಂಡಾಳ ಜೊತೆ ಮಾತು ಕೂಡುವುದು ಕಷ್ಟ, ಒಂದೇ ನಿಸರ್ಗಚಿತ್ರವನ್ನು ಜೀವಮಾನವಿಡೀ ಬಿಡಿಸುತ್ತ ಬಂದ ಮುದಿ ಅಪ್ಪ ಈಗ ಮನೆಗೆಲಸಕ್ಕೆ ಬರುವ ಹೆಂಗಸನ್ನು ಮದುವೆಯಾಗುತ್ತೇನೆ ಎನ್ನುತ್ತಾನೆ. ಒಂದು ದೇಶದ ಹಣೆಬರಹ ತೂಗುತ್ತಿರುವ ಹೊತ್ತಿನಲ್ಲಿ ಮಗ ಅಪ್ಪನ ಈ ಮದುವೆಯ ಚಿಂತೆಯಲ್ಲೂ ಇರುತ್ತಾನೆ.

ಮಂಡೇಲಾ ಕೊಲೆಯಾಗಲಿಲ್ಲ, 1994ರಲ್ಲಿ ಅಧ್ಯಕ್ಷರಾದರು ಎಂದು ಗೊತ್ತಿದ್ದೂ ಕುತೂಹಲ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಉಳಿಯುತ್ತದೆ. ಫ್ರಾನ್ಸಿನ ಡಿ ಗಾಲ್ ಗುಂಡೇಟಿನಿಂದ ಸಾಯಲಿಲ್ಲವೆಂದು ಗೊತ್ತಿದ್ದೇ ಜನ ಫ್ರೆಡರಿಕ್ ಫೋರ್ಸೈತನ 'ದಿ ಡೇ ಆಫ್ ದಿ ಜಕಾಲ್' ಓದಿದರು. ಮಂಡೇಲಾ ಉಳಿದರೆಂದು ಗೊತ್ತು, ಸಂಚಿನ ದಾರಿಗೆ ಅಡ್ಡ ಬಂದ ಬೇರೆಯವರಲ್ಲಿ ಯಾರು ಉಳಿಯುತ್ತಾರೆಂದು ಗೊತ್ತಿಲ್ಲ. ಇತಿಹಾಸದ ಪುಸ್ತಕದಲ್ಲಿ ಅವರ ಹೆಸರಿಲ್ಲ, ಹಾಗಾಗಿಯೇ ಅವರ ಬಗ್ಗೆ ಹೆಚ್ಚು ಭಯವಾಗುತ್ತದೆ.

ಕೆನೆತ್ ಬ್ರಾನಾ ನಟಿಸಿದ ಬಿಬಿಸಿ ಸರಣಿಯಲ್ಲಿ ಇದೇ ಹೆಸರಿನ ಕಂತು ಇದೆ. ಅದರಿಂದ ಮಾತ್ರ ಶುರುಮಾಡಬೇಡಿ. ಅಲ್ಲಿ ವಲಾಂಡರನೇ ಕೇಪ್‌ಟೌನಿಗೆ ಹೋಗುತ್ತಾನೆ, ಕಥೆಯ ಕಾಲವೂ ಬದಲಾಗಿದೆ. ಈಸ್ಟಾಡಿನ ತೋಟದ ಮನೆಯಿಲ್ಲದೆ ಈ ಕಥೆಗೆ ಅರ್ಧ ಜೀವವಿಲ್ಲ. ಸರಣಿಯನ್ನು ಕ್ರಮವಾಗಿ ಓದುವ ಮನಸ್ಸಿದ್ದರೆ 1991ರ 'ಫೇಸ್‌ಲೆಸ್ ಕಿಲ್ಲರ್ಸ್'ನಿಂದ ಆರಂಭಿಸಿ 'ದಿ ಡಾಗ್ಸ್ ಆಫ್ ರೀಗಾ' ಮುಗಿಸಿ ಇದಕ್ಕೆ ಬನ್ನಿ. ನೇರವಾಗಿ ಇದನ್ನೇ ಹಿಡಿದರೂ ತೊಂದರೆಯಿಲ್ಲ, ಆದರೆ ಮುಂದಿನ 'ದಿ ಮ್ಯಾನ್ ಹೂ ಸ್ಮೈಲ್ಡ್' ಅನ್ನು ಇದಾದ ಮೇಲೆಯೇ ಓದಿ. ಈ ಪ್ರಕರಣದಿಂದ ಕುಸಿದುಹೋದ ವಲಾಂಡರ್ ಕೆಲಸ ಬಿಡುವ ಯೋಚನೆಯಲ್ಲಿ ಡೆನ್ಮಾರ್ಕಿನ ಸ್ಕಾಗೆನ್ ಕಡಲತೀರದಲ್ಲಿ ಅಲೆಯುತ್ತಿರುವುದು ಅಲ್ಲಿಯ ಮೊದಲ ಭಾಗ. ಅವನು ಅಲ್ಲಿಗೆ ಏಕೆ ಬಂದನೆಂದು ಅರ್ಥವಾಗುವುದು ಇದನ್ನು ಓದಿದವರಿಗೆ.