ಲಿಂಕ್ ಸತ್ತ ಮೇಲೆ ಕಲಿತ ಪಾಠ: ವೆಬ್ ಆ್ಯಪ್‌ಗೆ ಯಾವ ಟೂಲ್ ಆರಿಸಬೇಕು?

ನಾವು ಜೀವವಿಜ್ಞಾನಿಗಳು, ಸಾಫ್ಟ್‌ವೇರ್ ಇಂಜಿನಿಯರುಗಳಲ್ಲ. ಆದರೂ ಇವತ್ತಿನ ಕಂತು ಸಾಫ್ಟ್‌ವೇರ್ ಬಗ್ಗೆ. ಯಾಕೆ ಅಂತ ಒಂದು ಘಟನೆಯಿಂದಲೇ ಹೇಳುತ್ತೇವೆ.

ಇಲ್ಲಿ ಜರ್ಮನಿಯಲ್ಲಿ ನಾವು ಮೊದಲು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ, ಇಲಿಯ ಯಕೃತ್ತಿನ ಬೇರೆ ಬೇರೆ ಜೀವಕೋಶಗಳಲ್ಲಿ ಯಾವ ಜೀನ್ ಎಷ್ಟು ಸಕ್ರಿಯವಾಗಿದೆ ಅಂತ ಅಳೆದಿದ್ದೆವು. ಸುಮಾರು 20,000 ಜೀನ್‌ಗಳು. ಪೇಪರಿನಲ್ಲಿ ಹಾಕಲು ಆಗುವುದು ಏಳೆಂಟು ಚಿತ್ರ ಮಾತ್ರ. ಉಳಿದದ್ದನ್ನು ಯಾರು ಬೇಕಾದರೂ ನೋಡಿಕೊಳ್ಳಲಿ ಅಂತ ಒಂದು ವೆಬ್ ಆ್ಯಪ್ ಮಾಡಿದೆವು. ಜೀನ್ ಹೆಸರು ಟೈಪ್ ಮಾಡಿದರೆ ಅದರ ಗ್ರಾಫ್ ಬರುತ್ತದೆ, ಅಷ್ಟೇ. ಪೇಪರಿನಲ್ಲಿ ಹೆಮ್ಮೆಯಿಂದ ಲಿಂಕ್ ಕೊಟ್ಟೆವು.

ಎರಡು ವರ್ಷ ಆದ ಮೇಲೆ ಒಬ್ಬ ವಿದ್ಯಾರ್ಥಿನಿಯ ಇಮೇಲ್ ಬಂತು. ಲಿಂಕ್ ತೆರೆಯುತ್ತಿಲ್ಲ, ತನ್ನ ಜೀನ್ ನೋಡಬೇಕಿತ್ತು ಅಂತ. ಆ್ಯಪ್ ಬರೆದವರು ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರು. ಸರ್ವರ್ ಬದಲಾಗಿತ್ತು, ಪ್ಯಾಕೇಜ್‌ಗಳ ಆವೃತ್ತಿಗಳೂ ಬದಲಾಗಿದ್ದವು. ಟೂಲ್ ಆರಿಸುವಾಗ ನಾವು ಕೇಳಿಕೊಂಡಿದ್ದು ಒಂದೇ ಪ್ರಶ್ನೆ: ಯಾವುದರಲ್ಲಿ ಬೇಗ ಮುಗಿಯುತ್ತೆ? ನಾವು ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು ಅಂತ ಒಬ್ಬರೂ ಕೇಳಿರಲಿಲ್ಲ.

ಇರಲಿ, ಮೊದಲು ಟೂಲ್‌ಗಳನ್ನು ನೋಡೋಣ. ಸಂಶೋಧಕರ ನಡುವೆ ಹೆಚ್ಚಾಗಿ ಕೇಳಿಬರುವ ಹೆಸರು ಮೂರು.

ಶೈನಿ 2012ರಲ್ಲಿ ಆರ್ ಭಾಷೆಗೆ ಬಂತು. ಈಗ ಪೈಥಾನ್‌ನಲ್ಲೂ ಇದೆ. ಇದು ಕೆಲಸ ಮಾಡುವ ರೀತಿ ಎಕ್ಸೆಲ್ ಹಾಳೆಯ ಹಾಗೆ. ಒಂದು ಮನೆಯ ಸಂಖ್ಯೆ ಬದಲಿಸಿದರೆ ಅದನ್ನು ನಂಬಿಕೊಂಡ ಮನೆಗಳು ಮಾತ್ರ ಮತ್ತೆ ಲೆಕ್ಕ ಹಾಕುತ್ತವೆ, ಉಳಿದವು ಸುಮ್ಮನಿರುತ್ತವೆ. ಒಂದಕ್ಕೊಂದು ಹೆಣೆದುಕೊಂಡ ನಾಲ್ಕೈದು ಗ್ರಾಫ್‌ಗಳಿದ್ದರೆ ಇದು ಬಹಳ ಅನುಕೂಲ. ತೊಂದರೆ ಏನಪ್ಪಾ ಅಂದರೆ, ಒಂದು ಆರ್ ಪ್ರೋಸೆಸ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಲೆಕ್ಕ ಮಾಡುತ್ತದೆ. ಒಬ್ಬರ ದೊಡ್ಡ ಲೆಕ್ಕ ಮುಗಿಯುವವರೆಗೆ ಅದೇ ಪ್ರೋಸೆಸ್‌ನಲ್ಲಿರುವ ಉಳಿದವರು ಕಾಯಬೇಕು.

ಸ್ಟ್ರೀಮ್‌ಲಿಟ್ 2019ರದ್ದು, ಪೈಥಾನ್‌ಗೆ. ಕಲಿಯಲು ಒಂದು ಮಧ್ಯಾಹ್ನ ಸಾಕು. ಆದರೆ ನೀವು ಒಂದು ಗುಂಡಿ ಒತ್ತಿದರೆ, ಸಾಮಾನ್ಯವಾಗಿ ಇಡೀ ಸ್ಕ್ರಿಪ್ಟ್ ಮೊದಲ ಸಾಲಿನಿಂದ ಮತ್ತೆ ಓಡುತ್ತದೆ. ಸಾಂಬಾರಿಗೆ ಉಪ್ಪು ಕಡಿಮೆಯಾಯ್ತು ಅಂತ ಬೇಳೆಯನ್ನೇ ಮತ್ತೆ ಬೇಯಲು ಇಟ್ಟ ಹಾಗೆ! ಬೆಂದ ಬೇಳೆಯನ್ನು ತೆಗೆದಿಡಲು ಕ್ಯಾಶ್ ಅನ್ನೋ ಸೌಲಭ್ಯ ಇದೆ, ಆದರೆ ಎಲ್ಲಿ ತೆಗೆದಿಡಬೇಕು ಅಂತ ಹೇಳಬೇಕಾದವರು ನೀವೇ. ನಾಳೆಯ ಲ್ಯಾಬ್ ಮೀಟಿಂಗ್‌ಗೆ ತೋರಿಸಲು ಇದಕ್ಕಿಂತ ಸುಲಭವಾದದ್ದನ್ನು ನಾವು ಕಂಡಿಲ್ಲ.

ಡ್ಯಾಶ್ 2017ರದ್ದು, ಇದೂ ಮುಖ್ಯವಾಗಿ ಪೈಥಾನ್. ಇಲ್ಲಿ ಈ ಗುಂಡಿ ಬದಲಾದರೆ ಆ ಗ್ರಾಫ್ ಬದಲಾಗಲಿ ಅಂತ ಪ್ರತಿಯೊಂದನ್ನೂ ನೀವೇ ಬರೆದು ಕೊಡಬೇಕು. ಬರೆಯುವುದು ಜಾಸ್ತಿ. ಆದರೆ ಯಾವ ಬಳಕೆದಾರರು ಏನು ಮಾಡುತ್ತಿದ್ದರು ಅಂತ ಸರ್ವರ್ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಹಾಗಾಗಿ ಒಂದೇ ಆ್ಯಪಿನ ಹಲವು ಪ್ರತಿಗಳನ್ನು ಅಕ್ಕಪಕ್ಕ ಓಡಿಸಿ ತುಂಬಾ ಜನರಿಗೆ ಬಡಿಸಬಹುದು.

ಇವು ಯಾವುವೂ ಬೇಡ, ಜಾವಾಸ್ಕ್ರಿಪ್ಟ್‌ನಲ್ಲೇ ಕಟ್ಟೋಣ ಅನ್ನಬಹುದು. ಖಂಡಿತ ಆಗುತ್ತೆ. ಜೆಬ್ರೌಸ್ 2 ಅನ್ನೋ ಜೀನೋಮ್ ಬ್ರೌಸರ್ ಕಟ್ಟಿರುವುದು ರಿಯಾಕ್ಟ್ ಮೇಲೆ. ಆದರೆ ಅದರ ಹಿಂದೆ ಅದೇ ಕೆಲಸ ಮಾಡುವ ತಂಡ ಇದೆ. ಪಿಎಚ್‌ಡಿಯ ಕೊನೆಯ ವರ್ಷದಲ್ಲಿ ಒಬ್ಬರೇ ಕೂತು ಹೊಸ ಭಾಷೆ ಕಲಿಯುವುದು ಬೇರೆ ಮಾತು.

ಈಗ ನಮ್ಮ ಸತ್ತ ಲಿಂಕಿಗೆ ವಾಪಸ್ ಬರೋಣ. ದುರಸ್ತಿಗೆ ಕೂತಾಗ ಮೂರರಲ್ಲಿ ಯಾವುದು ಅಂತ ಮೊದಲ ದಿನವೆಲ್ಲ ಚರ್ಚೆ ಮಾಡಿದೆವು. ಎರಡನೇ ದಿನ ಯಾರೋ ಒಬ್ಬರು ಕೇಳಿದರು: "ಅಲ್ಲ, ಇದಕ್ಕೆ ಸರ್ವರ್ ಯಾಕೆ ಬೇಕು?"

ಲೆಕ್ಕ ಹಾಕಿದೆವು. ಬಂದವರಿಗೆ ಬೇಕಾದದ್ದು ಪ್ರತಿಯೊಂದು ಜೀವಕೋಶದ ಅಳತೆ ಅಲ್ಲ, ಪ್ರತಿ ಬಗೆಯ ಜೀವಕೋಶದಲ್ಲಿ ಆ ಜೀನಿನ ಸರಾಸರಿ. 12 ಬಗೆಯ ಜೀವಕೋಶ, 20,000 ಜೀನ್. ಒಟ್ಟು 2,40,000 ಸಂಖ್ಯೆಗಳು. ಒಂದೊಂದಕ್ಕೆ 8 ಬೈಟ್ ಅಂದರೂ 2 ಎಂಬಿಗಿಂತ ಕಡಿಮೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟು! ಇಷ್ಟಕ್ಕೆ ನಾವು ಹಗಲೂ ರಾತ್ರಿ ಒಂದು ಸರ್ವರ್ ಓಡಿಸುತ್ತಿದ್ದೆವು.

ಶೈನಿಲೈವ್ ಅನ್ನೋದು ಇಂಥ ಸಂದರ್ಭಕ್ಕೇ ಇದೆ. ಆರ್ ಅಥವಾ ಪೈಥಾನನ್ನು ವೆಬ್‌ಅಸೆಂಬ್ಲಿ ಮೂಲಕ ನೋಡುವವರ ಬ್ರೌಸರಿನಲ್ಲೇ ಓಡಿಸುತ್ತದೆ. ಸಾಮಾನ್ಯ ವೆಬ್ ಪುಟ ಇಡುವ ಜಾಗ ಇದ್ದರೆ ಸಾಕು. ಮೊದಲ ಸಲ ತೆರೆಯುವಾಗ ನಿಧಾನ, ಎಲ್ಲ ಪ್ಯಾಕೇಜ್‌ಗಳೂ ಅಲ್ಲಿ ಓಡುವುದಿಲ್ಲ. ನಮ್ಮ ಸಣ್ಣ ಆ್ಯಪ್‌ಗೆ ಅದು ಧಾರಾಳವಾಯಿತು. ವಿದ್ಯಾರ್ಥಿನಿಗೆ ಹೊಸ ಲಿಂಕ್ ಕಳಿಸಿದೆವು, ಕ್ಷಮೆಯ ಜೊತೆಗೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಬ್ರೌಸರಿನಲ್ಲಿ ಓಡುತ್ತದೆ ಅಂದರೆ ಕೋಡ್, ಡೇಟಾ ಎರಡೂ ನೋಡುವವರ ಕೈಗೆ ಹೋಗುತ್ತವೆ. ನಮ್ಮದು ಇಲಿಯ ಡೇಟಾ, ಹೇಗೂ ಪ್ರಕಟವಾಗಿತ್ತು. ರೋಗಿಗಳ ಡೇಟಾ ಆಗಿದ್ದರೆ ಈ ದಾರಿ ಹಿಡಿಯುವ ಹಾಗೇ ಇಲ್ಲ. 2018ರಿಂದ ಯುರೋಪಿನಲ್ಲಿ ಜಾರಿಯಲ್ಲಿರುವ ಜಿಡಿಪಿಆರ್ ಕಾನೂನು ಆನುವಂಶಿಕ ಮಾಹಿತಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಅಂಥ ಡೇಟಾ ಸಂಸ್ಥೆಯ ಒಳಗಿನ ಸರ್ವರಿನಲ್ಲಿ, ಲಾಗಿನ್ ಹಿಂದೆಯೇ ಇರಬೇಕು.

ಹಾಗಾದರೆ ಆರಿಸುವುದು ಹೇಗೆ? ನಾವು ಈಗ ಈ ಕ್ರಮದಲ್ಲಿ ಕೇಳಿಕೊಳ್ಳುತ್ತೇವೆ. ಮೊದಲು, ಆ್ಯಪ್ ನಿಜವಾಗಿ ಬೇಕಾ? ಬರೀ ಜೂಮ್ ಮಾಡುವ ಗ್ರಾಫ್ ಆದರೆ ಪ್ಲಾಟ್ಲಿಯಲ್ಲಿ ಮಾಡಿ ಒಂದೇ ಎಚ್‌ಟಿಎಂಎಲ್ ಫೈಲಾಗಿ ಉಳಿಸಿದರೆ ಮುಗಿಯಿತು. ಎರಡನೆಯದು, ಡೇಟಾ ಎಲ್ಲರೂ ನೋಡಬಹುದಾದದ್ದಾ, ಎಷ್ಟು ದೊಡ್ಡದು? ಮೂರನೆಯದು, ಒಂದೇ ಹೊತ್ತಿಗೆ ಎಷ್ಟು ಜನ ಬರುತ್ತಾರೆ? ಕೊನೆಯದು, ಮುಂದಿನ ವರ್ಷ ಲ್ಯಾಬಿನಲ್ಲಿ ಇರುವವರಿಗೆ ಯಾವ ಭಾಷೆ ಬರುತ್ತೆ? ನಿಮಗೆ ಪೈಥಾನ್ ಎಷ್ಟೇ ಇಷ್ಟ ಇರಲಿ, ಲ್ಯಾಬ್ ಪೂರ್ತಿ ಆರ್ ಬರೆಯುವವರಾದರೆ ಶೈನಿಯೇ ಸರಿ.

ಯಾವುದನ್ನೇ ಆರಿಸಿ, ಎರಡು ಕೆಲಸ ಬಿಡಬೇಡಿ. ಪ್ಯಾಕೇಜ್‌ಗಳ ಆವೃತ್ತಿಗಳನ್ನು ಬರೆದಿಡಿ. ಆರ್‌ನಲ್ಲಿ ಆರ್‌ಎನ್‌ವಿ ಇದೆ, ಪೈಥಾನ್‌ನಲ್ಲಿ ರಿಕ್ವೈರ್‌ಮೆಂಟ್ಸ್ ಫೈಲ್ ಇದೆ. ಜೊತೆಗೆ, ಪ್ರಕಟಿಸಬಹುದಾದ ಡೇಟಾ ಆದರೆ ಅದನ್ನೂ ಕೋಡನ್ನೂ ಝೆನೋಡೋದಂಥ ಸಂಗ್ರಹದಲ್ಲಿ ಇಡಿ. ಅಲ್ಲಿ ಡಿಒಐ ಸಿಗುತ್ತದೆ, ಪೇಪರಿನಲ್ಲಿ ಅದನ್ನೂ ಹಾಕಿ. ಆ್ಯಪ್ ಇವತ್ತಲ್ಲ ನಾಳೆ ನಿಲ್ಲಬಹುದು. ಆಗಲೂ ಎಲ್ಲೋ ಕೂತ ಒಬ್ಬ ವಿದ್ಯಾರ್ಥಿನಿಗೆ ತನ್ನ ಜೀನ್ ಸಿಗಬೇಕಲ್ವಾ?

ನೀವು ಮಾಡಿದ ಆ್ಯಪ್ ಎಲ್ಲಾದರೂ ಇದ್ದರೆ ಇವತ್ತು ಅದರ ಲಿಂಕ್ ಒಂದು ಸಲ ಒತ್ತಿ ನೋಡಿ. ಮುಂದಿನ ಕಂತಿನಲ್ಲಿ ಸಿಗೋಣ, ನಮಸ್ಕಾರ.