ಬಲೆಗೆ ಬಿದ್ದ ಮೀನು ಬೆರಕೆಯೆ?

ಕೆರೆಗೆ ಬಲೆ ಹಾಕಿದ ದಿನ ರೂಢಿಯ ಮೀನುಗಳ ನಡುವೆ ವಿಚಿತ್ರ ಆಕಾರದ ಮೀನೊಂದು ಸಿಕ್ಕಿತೆಂದರೆ ದಡದಲ್ಲಿ ನಿಂತವರಲ್ಲಿ ತರ್ಕ ಆರಂಭವಾಗುತ್ತದೆ. ತಲೆ ಕಾಟ್ಲಾದಂತೆ, ಮೈ ರೋಹುವಿನಂತೆ ಇದೆಯೆಂದು ಒಬ್ಬರು. ಇದಾವುದೋ ಹೊಸ ಜಾತಿಯೇ ಸರಿಯೆಂದು ಇನ್ನೊಬ್ಬರು. ಕೊನೆಗೆ ಅದು ‘ಬೆರಕೆ’ ಎಂದು ಬಹುಮತದಿಂದ ತೀರ್ಮಾನವಾಗುವುದುಂಟು. ಬಹುಮತದಿಂದ ಜಾತಿನಿರ್ಣಯವಾಗುವುದಾದರೆ ಪ್ರಾಣಿಶಾಸ್ತ್ರ ಬಹು ಸುಲಭದ ವಿದ್ಯೆಯಾಗುತ್ತಿತ್ತು! ಎರಡು ಬೇರೆ ಬೇರೆ ಜಾತಿಯ ಮೀನುಗಳಿಗೆ ಮರಿ ಹುಟ್ಟುವುದು ಸಾಧ್ಯವೆ? ಹುಟ್ಟಿದರೆ ಅದನ್ನು ಗುರುತಿಸುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ವಿಚಿತ್ರವಾಗಿ ಕಾಣುವುದೆಲ್ಲ ಬೆರಕೆಯಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಆಹಾರ ಸಾಲದ ಮೀನಿನ ಮೈ ಬಡವಾಗುತ್ತದೆ, ತಲೆ ಮಾತ್ರ ಕುಗ್ಗುವುದಿಲ್ಲ. ಹೀಗಾಗಿ ಹಸಿದ ರೋಹುವೊಂದು ದೊಡ್ಡ ತಲೆಯ ಬೇರೊಂದು ಮೀನಿನಂತೆ ತೋರುತ್ತದೆ. ಮರಿಯಾಗಿದ್ದಾಗಲೇ ಬೆನ್ನೆಲುಬು ಸೊಟ್ಟಗಾದ ಮೀನು ಗೂನುಬೆನ್ನಿನ ಗಿಡ್ಡ ಮೀನಾಗಿ ಬೆಳೆಯುತ್ತದೆ. ಜಿಲೇಬಿ ಮೀನೆಂದು ನಮ್ಮಲ್ಲಿ ಕರೆಯುವ ಟಿಲಾಪಿಯಾದ ಗಂಡು ಮರಿಮಾಡುವ ಕಾಲದಲ್ಲಿ ಕಪ್ಪಾಗುತ್ತದೆ, ಅದರ ದವಡೆ ಉಬ್ಬುತ್ತದೆ. ಪಕ್ಕದಲ್ಲಿ ಹೆಣ್ಣನ್ನಿಟ್ಟರೆ ಎರಡೂ ಒಂದೇ ಜಾತಿಯೆಂದು ನಂಬುವುದು ಕಷ್ಟ.

ಇವೆಲ್ಲಕ್ಕಿಂತ ಹೆಚ್ಚಾಗಿ ಮೋಸಗೊಳಿಸುವುದು ಕನ್ನಡಿ ಗೆಂಡೆ. ಇದರ ಮೈಮೇಲೆ ಸಾಲುಸಾಲಾಗಿ ಶಲ್ಕಗಳಿರುವುದಿಲ್ಲ. ಅಲ್ಲೊಂದು ಇಲ್ಲೊಂದು ಗುಂಡಿಯನ್ನು ಹೊಲಿದಂತೆ ದೊಡ್ಡ ಹೊಳೆಯುವ ಶಲ್ಕಗಳು, ಉಳಿದೆಡೆ ಬರಿಯ ಚರ್ಮ. ನೋಡಿದವರು ಬೇರೆ ಜಾತಿಯೆಂದೇ ಹೇಳುತ್ತಾರೆ. ಆದರೆ ಇದು ಸಾಮಾನ್ಯ ಗೆಂಡೆಯೇ. ಶಲ್ಕಗಳ ವಿನ್ಯಾಸವನ್ನು ಎರಡು ಜೋಡಿ ಜೀನುಗಳು ನಿರ್ಣಯಿಸುತ್ತವೆ. ಆದುದರಿಂದ ಮೈತುಂಬ ಶಲ್ಕವಿರುವ ತಂದೆತಾಯಿಗಳಿಗೂ ಕನ್ನಡಿ ಗೆಂಡೆಯ ಮರಿಗಳು ಹುಟ್ಟಬಹುದು. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ತಂದು ಬಿಟ್ಟ ಗೆಂಡೆಗಳ ಮೂಲಕ ಈ ರೂಪ ನಮ್ಮ ದೇಶವನ್ನು ಪ್ರವೇಶಿಸಿತು.

ಇನ್ನು ನಿಜವಾದ ಬೆರಕೆಯ ವಿಷಯ. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್‌ಗಳು ಉತ್ತರದ ನದಿಗಳಿಂದ ಬಂದ ಮೀನುಗಳು. ಕಾಟ್ಲಾದ ತಲೆ ದೊಡ್ಡದು, ಬಾಯಿ ಮೇಲ್ಮುಖ, ಮೀಸೆಯಿಲ್ಲ. ರೋಹುವಿನ ಬಾಯಿ ಕೆಳಮುಖ, ತುಟಿಗಳಿಗೆ ಜಾಲರಿಯಂತಹ ಅಂಚು. ಮೃಗಾಲ್ ನೀಳವಾದ ಬೆಳ್ಳಿಯ ಬಣ್ಣದ ಮೀನು, ಅದರ ತುಟಿಗೆ ಜಾಲರಿಯಿಲ್ಲ. ಮೂರೂ ಮಳೆಗಾಲದಲ್ಲಿ, ಹರಿಯುವ ಪ್ರವಾಹದಲ್ಲಿ ಮೊಟ್ಟೆಯಿಡುತ್ತವೆ. ಮೀನಿನ ಮೊಟ್ಟೆಗೆ ವೀರ್ಯ ಸೇರುವುದು ತಾಯಿಯ ಹೊಟ್ಟೆಯಲ್ಲಲ್ಲ, ನೀರಿನಲ್ಲಿ. ಹೀಗೆ ಒಂದೇ ಕಾಲ, ಒಂದೇ ನೀರು ಆದಮೇಲೆ ಒಂದರ ಮೊಟ್ಟೆಗೆ ಇನ್ನೊಂದರ ವೀರ್ಯ ತಗಲುವುದು ಅಸಂಭವವೇನಲ್ಲ. ಆದರೂ ವಿಶಾಲವಾದ ನದಿಯಲ್ಲಿ ಗಂಡು ತನ್ನ ಜಾತಿಯ ಹೆಣ್ಣನ್ನೇ ಬೆನ್ನಟ್ಟುತ್ತದೆ. ಸಂಕರ ಅಲ್ಲಿ ಅಪರೂಪ.

ಈ ಸ್ಥಿತಿ ಬದಲಾದುದು ಮನುಷ್ಯನ ಜಾಣ್ಮೆಯಿಂದ. ನಿಂತ ನೀರಿನಲ್ಲಿ ಈ ಮೀನುಗಳು ಮೊಟ್ಟೆಯಿಡವು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಆಲಿಕುಂಞಿ ಇವರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಅವು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನೇ ಇಂದು ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಈ ವಿದ್ಯೆ ಕೈಗೆ ಬಂದೊಡನೆ ಬೇರೆ ಬೇರೆ ಜಾತಿಗಳನ್ನು ಕೂಡಿಸಿ ನೋಡುವುದೂ ಸುಲಭವಾಯಿತು. ಕಾಟ್ಲಾ, ರೋಹು, ಮೃಗಾಲ್ ಮೂರರಲ್ಲಿಯೂ ಜೀವಕೋಶಕ್ಕೆ 50 ವರ್ಣತಂತುಗಳಿವೆ. ಸಂಕರದ ಮರಿಯಲ್ಲಿ ಅವು ಚೆನ್ನಾಗಿ ಜೋಡಿಯಾಗುತ್ತವೆ. ಅದರಿಂದಲೇ ರೋಹು-ಕಾಟ್ಲಾ ಬೆರಕೆ ಬದುಕುವುದು ಮಾತ್ರವಲ್ಲದೆ, ಬೆಳೆದು ತಾನೂ ಮರಿಮಾಡುತ್ತದೆ. ತಲೆ ಕಾಟ್ಲಾಕ್ಕಿಂತ ಚಿಕ್ಕದು, ಮೈ ರೋಹುವಿಗಿಂತ ಅಗಲ. ತಿನ್ನುವವನಿಗೆ ಇದರಲ್ಲಿ ಮಾಂಸದ ಪಾಲು ಹೆಚ್ಚು.

ಹಾಗಾದರೆ ಕೆರೆಗಳಿಗೆಲ್ಲ ಬೆರಕೆಯನ್ನೇ ಬಿಡಬಾರದೇಕೆ? ತೊಡಕು ಇರುವುದು ಇಲ್ಲಿಯೇ. ಈ ಮೂರು ಮೀನುಗಳನ್ನು ಒಂದೇ ಕೆರೆಯಲ್ಲಿ ಸಾಕುವುದಕ್ಕೆ ಕಾರಣವಿದೆ: ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತದೆ, ಒಂದರ ಅನ್ನಕ್ಕೆ ಇನ್ನೊಂದು ಕೈಹಾಕುವುದಿಲ್ಲ. ಕಿವಿರಿನ ಕಮಾನಿನ ಒಳಬದಿಗೆ ಬಾಚಣಿಗೆಯ ಹಲ್ಲುಗಳಂತೆ ಕಡ್ಡಿಗಳಿರುತ್ತವೆ. ಕಾಟ್ಲಾದಲ್ಲಿ ಅವು ನೀಳವಾಗಿ, ಒತ್ತೊತ್ತಾಗಿದ್ದು ನೀರಿನಲ್ಲಿ ತೇಲುವ ಸೂಕ್ಷ್ಮಪ್ರಾಣಿಗಳನ್ನು ಸೋಸಿ ಹಿಡಿಯುತ್ತವೆ. ಬೆರಕೆಯಲ್ಲಿ ಈ ಜರಡಿ ನಡುತರದ್ದು. ಅದು ಕಾಟ್ಲಾದ ಜಾಗವನ್ನು ಪೂರ್ತಿ ತುಂಬುವುದಿಲ್ಲ, ರೋಹುವಿನ ಪಾಲಿಗೆ ಮಾತ್ರ ಕೈಹಾಕುತ್ತದೆ. ಮರಿಯುತ್ಪಾದನೆಯ ಕೇಂದ್ರದಲ್ಲಿ ಒಂದು ಜಾತಿಯ ಗಂಡು ಸಾಲದೆ ಇನ್ನೊಂದನ್ನು ಬಳಸಿದರೆ, ಅಥವಾ ಎರಡು ಮೂರು ಜಾತಿಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ, ಯಾರೂ ಬಯಸದೆಯೇ ಬೆರಕೆ ಹುಟ್ಟುತ್ತದೆ. ಬೆರಳುದ್ದದ ಮರಿಯಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ರೋಹುವಿನ ಮರಿಯೆಂದು ಹಣ ತೆತ್ತ ರೈತನಿಗೆ ಅದು ತಿಳಿಯುವುದು ಬಲೆ ಎಳೆದ ದಿನ.

ಬೆರಕೆ ಮತ್ತೆ ರೋಹುವಿನೊಡನೆ ಕೂಡಿದರೆ ಮರಿ ಇನ್ನಷ್ಟು ರೋಹುವಿನಂತೆ ಕಾಣುತ್ತದೆ. ಎರಡು ತಲೆಮಾರು ಕಳೆದರೆ ಹೊರನೋಟಕ್ಕೆ ಅಪ್ಪಟ ರೋಹು, ಒಳಗೆ ಕಾಟ್ಲಾದ ಅಂಶ. ಅಂತಹುದನ್ನೇ ಮುಂದಿನ ವರ್ಷದ ತಾಯಿಮೀನೆಂದು ಆರಿಸಿದರೆ ಕೇಂದ್ರದ ತಳಿಯೇ ಕೆಡುತ್ತದೆ. ಪ್ರವಾಹ ಬಂದು ಕೊಳದ ಕಟ್ಟೆ ಒಡೆದಾಗ ಈ ಮೀನುಗಳು ನದಿಗೂ ಸೇರುತ್ತವೆ. ಒಮ್ಮೆ ಬೆರೆತುದನ್ನು ನದಿಯಿಂದ ಬೇರ್ಪಡಿಸುವ ಉಪಾಯ ಯಾವುದೂ ಇಲ್ಲ.

ದೂರದ ಸಂಬಂಧಿಗಳ ಸಂಕರದಲ್ಲಿ ಈ ಭಯ ಕಡಿಮೆ. ಸಾಮಾನ್ಯ ಗೆಂಡೆಗೆ ಸುಮಾರು 100 ವರ್ಣತಂತುಗಳು. ಅದರ ಮೊಟ್ಟೆಯಿಂದ 50, ಮೃಗಾಲ್‌ನ ವೀರ್ಯದಿಂದ 25 ಸೇರಿದರೆ ಸರಿಯಾದ ಜೋಡಿಗಳಾಗುವುದು ಹೇಗೆ? ಇಂತಹ ಮರಿ ಬೆಳೆದರೂ ಬಂಜೆಯಾಗುತ್ತದೆ. ಹಂಗೆರಿಯಲ್ಲಿ ರಷ್ಯದ ಸ್ಟರ್ಜನ್ ಮೊಟ್ಟೆಗೆ ಅಮೆರಿಕದ ಪ್ಯಾಡಲ್‌ಮೀನಿನ ವೀರ್ಯ ತಗಲಿ ನೂರಾರು ಮರಿಗಳು ಬದುಕಿದ ಸುದ್ದಿ 2020ರಲ್ಲಿ ಪ್ರಕಟವಾದಾಗ ಶಾಸ್ತ್ರಜ್ಞರೇ ಬೆರಗಾದರು. ಏಕೆಂದರೆ ಆ ಎರಡು ವಂಶಗಳು ಬೇರೆಯಾಗಿ ಹದಿನೆಂಟು ಕೋಟಿ ವರ್ಷಗಳಿಗೂ ಮೇಲಾಗಿತ್ತು. ಸಂಕರ ಮಾಡುವುದು ಅಲ್ಲಿಯೂ ಉದ್ದೇಶವಾಗಿರಲಿಲ್ಲ.

ಸಂಕರವೇ ಜಾತಿಯನ್ನು ಗುರುತಿಸಿಕೊಟ್ಟ ಪ್ರಸಂಗವೂ ಒಂದುಂಟು. 1960ರ ಸುಮಾರಿಗೆ ಮಲಾಕ್ಕಾದಲ್ಲಿ ಸಿ. ಎಫ್. ಹಿಕ್ಲಿಂಗ್ ಎಂಬ ವಿಜ್ಞಾನಿ ಜಾಂಜಿಬಾರಿನಿಂದ ತಂದ ಗಂಡು ಟಿಲಾಪಿಯಾಗಳನ್ನು ಮಲಯದ ಹೆಣ್ಣುಗಳೊಡನೆ ಕೂಡಿಸಿದರು. ಎರಡೂ ಒಂದೇ ಜಾತಿಯ ಎರಡು ತಳಿಗಳೆಂದು ಆಗ ತಿಳಿಯಲಾಗಿತ್ತು. ಹುಟ್ಟಿದ ಮರಿಗಳೆಲ್ಲವೂ ಗಂಡು! ಒಂದೇ ಜಾತಿಯಾಗಿದ್ದರೆ ಹೀಗಾಗುವಂತಿರಲಿಲ್ಲ. ಜಾಂಜಿಬಾರಿನ ಮೀನು ಬೇರೆಯೇ ಜಾತಿಯೆಂದು 1966ರಲ್ಲಿ ಅದಕ್ಕೆ ಹೆಸರಿಡಲಾಯಿತು. ಕಣ್ಣು ಕಾಣದ ಭೇದವನ್ನು ಮರಿಗಳು ತೋರಿಸಿದವು.

ಇಂದು ಭೇದವನ್ನು ಡಿ.ಎನ್.ಎ. ಪರೀಕ್ಷೆಯಿಂದ ತಿಳಿಯಬಹುದು. ಆದರೆ ಎಚ್ಚರ ಬೇಕು. ಜಾತಿಯನ್ನು ಗುರುತಿಸಲು ಹೆಚ್ಚಾಗಿ ಬಳಸುವುದು ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು, ಅದು ತಾಯಿಯಿಂದ ಮಾತ್ರ ಬರುತ್ತದೆ. ರೋಹು ತಾಯಿಯ ಬೆರಕೆಯನ್ನು ಹೀಗೆ ಪರೀಕ್ಷಿಸಿದರೆ ‘ರೋಹು’ ಎಂಬ ಉತ್ತರವೇ ದೊರೆಯುವುದು. ತಂದೆಯ ಪಾಲು ತಿಳಿಯಬೇಕಾದರೆ ಕೋಶಕೇಂದ್ರದ ಡಿ.ಎನ್.ಎ.ಯನ್ನೂ ನೋಡಬೇಕು.

ನಮ್ಮ ಕಾವೇರಿಯಲ್ಲಿ ಈ ವಿಚಾರ ಬರಿಯ ಕುತೂಹಲದ್ದಲ್ಲ. ಗೂನುಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ಮಹಶೀರ್ ಮೀನು ಗಾಳದ ಬೇಟೆಗಾರರಿಗೆ ಬಹುಕಾಲದಿಂದ ಪರಿಚಿತ. 1946ರಲ್ಲಿ ಕಬಿನಿಯಲ್ಲಿ ಹಿಡಿದ ಒಂದು ಮೀನು 120 ಪೌಂಡು ತೂಗಿತ್ತು. ಹೀಗಿದ್ದೂ ಅದಕ್ಕೆ ಸರಿಯಾದ ಶಾಸ್ತ್ರೀಯ ಹೆಸರು ಗೊತ್ತಾದುದು 2018ರಲ್ಲಿ. ಕೇರಳದ ಪಾಂಬಾರ್ ನದಿಯಿಂದ 2010ರಲ್ಲಿ ವರ್ಣಿಸಿದ್ದ ಟಾರ್ ರೆಮಾದೇವಿಯೇ ಇದೆಂದು ಆಗ ಸಿದ್ಧವಾಯಿತು. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. 1970ರ ದಶಕದಿಂದೀಚೆಗೆ ಕಾವೇರಿಗೆ ಬಿಟ್ಟ ನೀಲಿ ಈಜುರೆಕ್ಕೆಯ ಬೇರೊಂದು ಮಹಶೀರ್ ಅದರ ನೀರನ್ನು ಆಕ್ರಮಿಸಿದೆ. ಮಹಶೀರ್ ಜಾತಿಗಳು ಪರಸ್ಪರ ಕೂಡಬಲ್ಲವೆಂಬುದು ಲೋಣಾವಳದ ಕೊಳಗಳಲ್ಲಿ ಬೇರೆ ಎರಡು ಜಾತಿಗಳ ಸಂಕರದಿಂದ ತಿಳಿದಿದೆ. ಗೂನುಬೆನ್ನಿನ ಮೀನನ್ನು ಉಳಿಸಲು ಮರಿಮಾಡಿಸುವವರು ಪ್ರತಿಯೊಂದು ತಾಯಿಮೀನಿನ ಜಾತಿಯನ್ನೂ ಮೊದಲು ದೃಢಪಡಿಸಿಕೊಳ್ಳಬೇಕಾದುದು ಇದರಿಂದಲೇ.

ವಿದ್ಯಾರ್ಥಿಗಳು ಇದನ್ನು ತಾವೇ ಅಭ್ಯಾಸ ಮಾಡಬಹುದು. ವಿಚಿತ್ರ ಮೀನು ಸಿಕ್ಕರೆ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆಯಿರಿ. ಮೀಸೆ, ತುಟಿ, ಬೆನ್ನಿನ ಈಜುರೆಕ್ಕೆಯ ಕಡ್ಡಿಗಳು, ಪಾರ್ಶ್ವರೇಖೆಯ ಮೇಲಿನ ಶಲ್ಕಗಳು, ಇವನ್ನು ಎಣಿಸಿ ಬರೆದುಕೊಳ್ಳಿರಿ. ಈಜುರೆಕ್ಕೆಯ ಚೂರೊಂದನ್ನು ಮದ್ಯಸಾರದಲ್ಲಿಟ್ಟರೆ ಮುಂದೆ ಡಿ.ಎನ್.ಎ. ಪರೀಕ್ಷೆಗೆ ಒದಗುತ್ತದೆ. ಅದಕ್ಕೂ ಮೊದಲು ಮಾರುಕಟ್ಟೆಯಿಂದ ಕಾಟ್ಲಾ, ರೋಹುಗಳ ಒಂದೊಂದು ತಲೆಯನ್ನು ತಂದು, ಕಿವಿರಿನ ಮುಚ್ಚಳವನ್ನೆತ್ತಿ, ಒಳಗಿನ ಆ ಬಾಚಣಿಗೆಗಳನ್ನು ಒಂದರ ಪಕ್ಕ ಒಂದನ್ನಿಟ್ಟು ನೋಡಿರಿ.